ಚಿಲ್ಲರೆ ಹುಚ್ಚು

ತಿಂಗಳ ಮೊದಲನೆಯ ಶನಿವಾರ ಮುಂಜಾನೆಯ ಶಾಲೆ ಮುಗಿದ ಮೇಲೆ ನಾನು ನೆಟ್ಟಗೆ ಮನೆಗೆ ಬರುವುದಿಲ್ಲ. ರಾಮದುರ್ಗದ ಪೇಟೆಯೊಳಗಿನ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ಪಾಳಿ ಬಂದಾಗ ಕ್ಯಾಷಿಯರ್ ಹುಡುಗ ನಗುತ್ತಾನೆ.

"ಅಕ್ಕೋರ, ಇವತ್ತ ಎಷ್ಟ ಒಯ್ತೀರಿ? ಎಲ್ಲಾರೂ ಚಿಲ್ರಿ ತಂದ್ ಸುರವ್ತಾರ, ಒಯ್ಯಾವ್ರು ನೀವೊಬ್ರ ನೋಡ್ರಿ."

ನೂರು ನೂರು ನಾಣ್ಯ ತುಂಬಿ ಬಾಯಿ ಮುಚ್ಚಿದ ಪ್ಲಾಸ್ಟಿಕ್ ಪ್ಯಾಕೆಟ್ಟುಗಳು. ರೂಪಾಯಿಯವು ಎರಡು, ಒಮ್ಮೊಮ್ಮೆ ಕೈ ಸಡಿಲವಿದ್ದರೆ ಐದು ರೂಪಾಯಿಯದು ಒಂದು. ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡರೆ ಹೆಗಲು ಒಂದು ಕಡೆ ಜಗ್ಗುತ್ತದೆ. ದಾರಿಯಲ್ಲಿ ಸಿಕ್ಕವರು, "ಏನ್ರಿ ಅಕ್ಕೋರ, ಪೇಪರ್ ತಿದ್ದಾಕ ಒಯ್ದಿದ್ರೇನು?" ಎಂದು ಕೇಳುತ್ತಾರೆ. ಹೌದೆನ್ನುತ್ತೇನೆ. ಐವತ್ತು ದಾಟಿದ ಹೆಂಗಸು ರೊಕ್ಕ ಕೊಟ್ಟು ರೊಕ್ಕ ತರುತ್ತಾಳೆಂದು ಬೀದಿಯಲ್ಲಿ ನಿಂತು ವಿವರಿಸುವುದು ಹೇಗೆ?

ಊಟವಾದ ಮೇಲೆ ಪಡಸಾಲೆಯಲ್ಲಿ ಪರಾತ ಇಟ್ಟುಕೊಂಡು ಪ್ಯಾಕೆಟ್ ಒಡೆದು ಸುರಿಯುತ್ತೇನೆ. ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ ಒಂದೊಂದೇ ಬಿಲ್ಲೆ ಆರಿಸುವುದು. ನಮ್ಮ ಮನೆಯವರು ಪೇಪರಿನ ಮರೆಯಿಂದ ಒಮ್ಮೆ ಇಣುಕಿ, "ಕುಬೇರನ ಹೆಂಡ್ತಿ ಕುಂತಳು" ಎಂದು ಮತ್ತೆ ಪೇಪರಿನೊಳಗೆ ಹೋಗುತ್ತಾರೆ.

ಆರಿಸಲು ಏನಿದೆ ಎನ್ನಬೇಡಿ. ಮೊದಲು ಇಸವಿ ನೋಡಬೇಕು, ಆಮೇಲೆ ಇಸವಿಯ ಕೆಳಗೆ ನೋಡಬೇಕು. ಅಲ್ಲಿ ಸಣ್ಣ ನಕ್ಷತ್ರವಿದ್ದರೆ ಅದು ಹೈದರಾಬಾದಿನ ಟಂಕಸಾಲೆಯದು. ಶಂಕರಪೋಳಿಯ ಆಕಾರದ ಗುರುತಿದ್ದರೆ ಮುಂಬಯಿಯದು. ದುಂಡು ಚುಕ್ಕೆ ನೊಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಕೋಲ್ಕತ್ತದವರು ಹಳೆಯ ಮನೆತನದವರ ಹಾಗೆ, ಗುರುತು ಹೇಳಿಕೊಳ್ಳುವುದೇ ಇಲ್ಲ. 1985ರ ಕೆಲವು ರೂಪಾಯಿಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚಾಗಿ ಬಂದವು. ಅವುಗಳ ಇಸವಿಯ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರವಿರುತ್ತದೆ. ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕ ದಿವಸ ಮನೆಯವರಿಗೆ ಹೋಳಿಗೆ ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಹಾಗಾಗಿ ಈಗ ಅವರೂ ನಡುನಡುವೆ, "ಸಿಕ್ತೇನು?" ಎನ್ನುತ್ತಾರೆ.

ಅಮೆರಿಕದಲ್ಲಿಯೂ ಈ ಹುಚ್ಚಿನವರಿದ್ದಾರೆ. ಅಲ್ಲಿಯ ಬ್ಯಾಂಕಿನವರು ನಾಣ್ಯಗಳನ್ನು ಕಾಗದದ ಸುರುಳಿಯಲ್ಲಿ ಸುತ್ತಿ ಕೊಡುತ್ತಾರೆ. ಅಲ್ಲಿ 1964ರವರೆಗಿನ ಕಾಲು ಡಾಲರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಅದಕ್ಕೇ ಸುರುಳಿ ಬಿಚ್ಚುತ್ತಾರೆ. ನಮ್ಮದು 1992ರಿಂದ ಬರೀ ಸ್ಟೀಲಿನ ರೂಪಾಯಿ, ಬೆಳ್ಳಿಯ ಆಸೆ ಇಲ್ಲ. ಆದರೂ ಒಂದು ಸಲ ಐದು ರೂಪಾಯಿಯ ಪ್ಯಾಕೆಟ್ಟಿನಲ್ಲಿ 2006ರ ಬಸವಣ್ಣನ ನಾಣ್ಯ ಸಿಕ್ಕಿತು. ಎಷ್ಟು ಮಂದಿಯ ಕೈ ದಾಟಿತ್ತೋ, ಮುಖ ಸವೆದಿತ್ತು. ಕೂತಲ್ಲಿಂದಲೇ ಕೂಗಿದೆ. ಬಾಜೂ ಮನೆಯಾಕೆ ಗಾಬರಿಯಾಗಿ, ಸೌಟು ಹಿಡಿದುಕೊಂಡೇ ಬಂದಳು. ನೋಡಿ, ಕಣ್ಣಿಗೆ ಒತ್ತಿಕೊಂಡು, "ಎಷ್ಟಕ್ಕ ಹೋಗತೈತ್ರಿ ಇದು?" ಎಂದು ಕೇಳಿದಳು.

ಎಲ್ಲರೂ ಕೇಳುವುದು ಇದನ್ನೇ. ಮೊಬೈಲಿನಲ್ಲಿ, ಹಳೆಯ ಐದು ರೂಪಾಯಿಗೆ ಐದು ಲಕ್ಷ ಕೊಡುತ್ತೇವೆಂದು ಜಾಹೀರಾತು ಬರುತ್ತವಲ್ಲ, ಅದನ್ನು ನೋಡಿದವರು. ಮೊದಲು ಕಮಿಷನ್ ಕಟ್ಟಿರಿ, ತೆರಿಗೆ ಕಟ್ಟಿರಿ ಎಂದು ನಮ್ಮಿಂದಲೇ ರೊಕ್ಕ ಕೀಳುವ ಮಂದಿ ಅವರು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹೀಗೆ ಮೋಸ ಮಾಡುವವರಿದ್ದಾರೆಂದು 2021ರಲ್ಲಿ ಆ ಬ್ಯಾಂಕೇ ಎಚ್ಚರಿಕೆ ಕೊಟ್ಟಿತು. ನಾನು ಒಂದೂ ಮಾರಿಲ್ಲ. ಬೇಡದವನ್ನು ಕಿರಾಣಿ ಅಂಗಡಿಗೆ, ಹೂವಿನಾಕೆಗೆ ಚಿಲ್ಲರೆಯಾಗಿ ಕೊಡುತ್ತೇನೆ. ಹತ್ತು ರೂಪಾಯಿಯ ಬಿಲ್ಲೆಯನ್ನು ಮಾತ್ರ ಇವರು ಬಹಳ ದಿವಸ ಮುಟ್ಟುತ್ತಿರಲಿಲ್ಲ. ಹದಿನಾಲ್ಕು ನಮೂನೆ ಅಚ್ಚಾಗಿವೆ, ಹದಿನಾಲ್ಕೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲಿ ಹೇಳಿದ್ದನ್ನು ಪೇಟೆಯಲ್ಲಿ ಪಾಠ ಮಾಡಿ ಮಾಡಿ ನನ್ನ ಗಂಟಲು ಹೋಯಿತು.

ಈ ಹುಚ್ಚು ಹತ್ತಿದ್ದು ಹೇಗೆಂದು ಯಾರೂ ಕೇಳಿಲ್ಲ. ಕೇಳಿದ್ದರೆ ಅವ್ವನ ಡಬ್ಬಿಯ ಸುದ್ದಿ ಹೇಳಬೇಕಾಗುತ್ತಿತ್ತು.

ನನ್ನ ತವರೂರು ಮಲಪ್ರಭೆಯ ದಂಡೆಯಲ್ಲಿದೆ. ಅವ್ವ ಅಲ್ಲಿ ಮೊಸರು, ಕುಳ್ಳು ಮಾರಿದ್ದರಲ್ಲಿ ನಾಲ್ಕಾಣೆ, ಇಪ್ಪತ್ತು ಪೈಸೆ, ಹತ್ತು ಪೈಸೆ ತೆಗೆದು ಒಂದು ತಗಡಿನ ಡಬ್ಬಿಯಲ್ಲಿ ಹಾಕುತ್ತಿದ್ದಳು. ನಾವು ಎಷ್ಟು ಅತ್ತರೂ ಅದಕ್ಕೆ ಕೈ ಹಾಕಗೊಡುತ್ತಿರಲಿಲ್ಲ. "ಅದು ನನ್ನ ಹಾದಿಗಿ" ಎನ್ನುತ್ತಿದ್ದಳು. ಹೆಣದ ಮುಂದೆ ಚುರುಮರಿಯ ಜೊತೆ ಚಿಲ್ಲರೆ ತೂರುವುದು ನಮ್ಮ ಕಡೆಯ ರೂಢಿ. ಅದಕ್ಕೂ ಮಕ್ಕಳ ಮುಂದೆ ಕೈ ಒಡ್ಡಬಾರದೆಂಬುದು ಅವಳ ಹಟ.

2011ರ ಪಂಚಮಿಗೆ ತವರಿಗೆ ಹೋದಾಗ ಅವ್ವ ಆ ಡಬ್ಬಿಯನ್ನು ನನ್ನ ಮುಂದೆ ಇಟ್ಟಳು. "ಇವು ಅಂಗಡ್ಯಾಗ ನಡ್ಯಾಂಗಿಲ್ಲಂತ. ನೀ ಕಲತಾಕಿ. ಬ್ಯಾಂಕಿನ್ಯಾಗ ಕೊಟ್ಟು ರೂಪಾಯಿ ಮಾಡಿಸ್ಕೊಂಡ ಬಾ" ಎಂದಳು. ನನ್ನ ಕೈಯಲ್ಲಿದ್ದ ಉಂಡಿ ಕೈಯಲ್ಲೇ ಉಳಿಯಿತು.

ನಾಲ್ಕಾಣೆ ಮತ್ತು ಅದರ ಕೆಳಗಿನ ಎಲ್ಲ ನಾಣ್ಯಗಳು ಆ ವರ್ಷ ಜೂನ್ 30ರಿಂದ ರದ್ದಾಗಿದ್ದವು. ಬ್ಯಾಂಕಿನಲ್ಲಿ ಬದಲಿಸಿಕೊಳ್ಳಲು ಜೂನ್ 29ರವರೆಗೆ ಅವಕಾಶವಿತ್ತು. ಪಂಚಮಿ ಬಂದದ್ದು ಆಗಸ್ಟಿನಲ್ಲಿ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಸ್ಟಾಫ್ ರೂಮಿನ ಪೇಪರಿನಲ್ಲಿ ಓದಿದ್ದೆ. ಅಷ್ಟೇ ಅಲ್ಲ, 'ಇಪ್ಪತ್ತೈದು ಪೈಸೆಯ ನಾಣ್ಯ ಯಾವಾಗ ರದ್ದಾಯಿತು?' ಎಂದು ಸಾಮಾನ್ಯ ಜ್ಞಾನದ ಪ್ರಶ್ನೆ ಮಾಡಿ ಏಳನೆಯ ಇಯತ್ತೆಯ ಮಕ್ಕಳಿಗೆ ಬರೆಸಿದ್ದೆ. ಬೋರ್ಡಿನ ಮೇಲೆ ಬರೆಯುವಾಗ ಅವ್ವನ ಡಬ್ಬಿ ನೆನಪಾಗಲಿಲ್ಲ. ಬಿ.ಎ., ಬಿ.ಎಡ್. ಮಾಡಿಸಿದಾಕೆಯ ಡಬ್ಬಿ ನೆನಪಾಗಲಿಲ್ಲ.

ಅವತ್ತು ಮಧ್ಯಾಹ್ನ ಇಬ್ಬರೂ ಕೂತು ಎಣಿಸಿದೆವು. ನಾಲ್ಕಾಣೆ 640, ಇಪ್ಪತ್ತು ಪೈಸೆ 70, ಹತ್ತು ಪೈಸೆ 60. ಒಟ್ಟು 180 ರೂಪಾಯಿ. ಏನು ಮಾತಾಡಬೇಕೋ ತಿಳಿಯದೆ ನಾನು ಒಂದೊಂದರ ಇಸವಿ ಓದಿ ಹೇಳತೊಡಗಿದೆ. ಘೇಂಡಾಮೃಗದ ಸ್ಟೀಲಿನ ನಾಲ್ಕಾಣೆ ಬಹಳ ಇದ್ದವು. ನಡುವೆ 1980ರದೊಂದು ನಾಲ್ಕಾಣೆ ಬಂತು.

"ಇದರಾಗ ಏನ್ ಬರದೈತಿ?" ಎಂದಳು ಅವ್ವ.

"ಹಳ್ಳಿ ಹೆಣ್ಮಕ್ಕಳ ಪ್ರಗತಿ ಅಂತ."

"ಹೌದಾ? ನಮ್ಮೂರಿಗಿ ಬಂದಾಗ ನಾ ಹೊಲಕ್ಕ ಹೋಗಿರಬೇಕ" ಎಂದು ನಕ್ಕಳು.

ಆ ನಗೆಯಿಂದ ನನಗೆ ಇನ್ನಷ್ಟು ಸಂಕಟವಾಯಿತು. ಮುಂದಿನ ವಾರ ಬ್ಯಾಂಕಿನಿಂದ 180 ರೂಪಾಯಿ ಚಿಲ್ಲರೆ ತಂದು, ಬ್ಯಾಂಕಿನವರು ತಗೊಂಡರೆಂದು ಸುಳ್ಳು ಹೇಳಿ ಕೊಡಹೋದೆ. ಅವ್ವ ಮೇಲಿನ ಒಂದು ಬಿಲ್ಲೆ ತೆಗೆದು ತಿರುವಿ ನೋಡಿದಳು. ಹೆಬ್ಬೆರಳು ಎತ್ತಿದ ಕೈಯ ಚಿತ್ರವಿತ್ತಲ್ಲ, 2007ರಿಂದ ನಾಲ್ಕೈದು ವರ್ಷ ಅಚ್ಚಾದ ರೂಪಾಯಿ, ಅದು. ಪೆನ್ಶನ್ನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಕೆಗೆ ಅದರ ಮೇಲೆ ಬಹಳ ಪ್ರೀತಿ. "ಇದು ನನ್ನಂಥಾವ್ರ ರೂಪಾಯಿ" ಎನ್ನುತ್ತಿದ್ದಳು. ಅದನ್ನೂ ತಿರುಗಿ ನನ್ನ ಕೈಯಲ್ಲೇ ಇಟ್ಟಳು.

"ಇದು ನಿನ್ನ ರೊಕ್ಕ. ಅದು ನಾ ಕೂಡಿಸಿದ್ದು."

ಮುಂದೆ ಆ ಮಾತು ಎತ್ತಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

2013ರಲ್ಲಿ ಅವ್ವ ಹೋದಳು. ತಮ್ಮ ಬ್ಯಾಂಕಿಗೆ ಓಡಿಹೋಗಿ ರೂಪಾಯಿಯ ಐದು ಪ್ಯಾಕೆಟ್ ತಂದ. ನಾಲ್ಕನ್ನು ದಾರಿಯುದ್ದಕ್ಕೂ ತೂರಿದರು, ಓಣಿಯ ಹುಡುಗರು ಆರಿಸಿಕೊಂಡರು. ಡಬ್ಬಿಯ ಚಿಲ್ಲರೆಯನ್ನೂ ತೂರೋಣವೇ ಎಂದು ನಾನು ಕೇಳಿದ್ದಕ್ಕೆ ಹಿರಿಯರೊಬ್ಬರು, "ನಡೀಲಾರದ ರೊಕ್ಕ ತೂರಿದ್ರ ಹುಡುಗೂರು ಅವಳನ್ನ ಬೈತಾವ" ಎಂದರು. ಸರಿಯೇ ಇತ್ತು.

ಐದನೆಯ ಪ್ಯಾಕೆಟ್ ಉಳಿದಿತ್ತು. ಮಂದಿ ಎದ್ದು ಹೋದ ಮೇಲೆ, ಕೈಗೆ ಕೆಲಸವಿಲ್ಲದೆ, ಅದನ್ನು ಒಡೆದು ಪರಾತದಲ್ಲಿ ಸುರಿದುಕೊಂಡೆ. ನೂರರಲ್ಲಿ ಹೆಬ್ಬೆರಳಿನವು 37 ಇದ್ದವು. ಉಳಿದವುಗಳ ಇಸವಿ ನೋಡಿದೆ, ಇಸವಿಯ ಕೆಳಗಿನ ಚುಕ್ಕೆ ನೋಡಿದೆ, ಇವೆಲ್ಲ ಏನಿರಬಹುದು ಎಂದುಕೊಂಡೆ. ದೀಪ ಹಚ್ಚುವ ಹೊತ್ತಾದದ್ದು ತಿಳಿಯಲಿಲ್ಲ. ಆಮೇಲಿನದೆಲ್ಲ ಬ್ಯಾಂಕಿನ ಆ ಕ್ಯಾಷಿಯರ್ ಹುಡುಗನಿಗೆ ಗೊತ್ತು.

2019ರ ಆಗಸ್ಟಿನಲ್ಲಿ ನವಿಲುತೀರ್ಥದ ನೀರು ಬಿಟ್ಟಾಗ ಮಲಪ್ರಭೆ ತವರಮನೆಯೊಳಗೆ ಬಂತು. ನೀರು ಇಳಿದ ಮೇಲೆ ತಮ್ಮ ಕೆಸರು ಎತ್ತುವಾಗ ಡಬ್ಬಿ ಸಿಕ್ಕಿತು. "ನಿನಗ ಹುಚ್ಚ ಐತೆಲ್ಲ ಅಕ್ಕಾ, ನೀನ ಒಯ್ಯಿ" ಎಂದು ತಂದುಕೊಟ್ಟ. ಹಳೆಯ ನಾಣ್ಯ ತೊಳೆಯಬಾರದು, ತೊಳೆದರೆ ಬೆಲೆ ಹೋಗುತ್ತದೆ ಎನ್ನುತ್ತಾರೆ ತಿಳಿದವರು. ಹೋಗಲು ಬೆಲೆ ಎಲ್ಲಿತ್ತು? ಹುಣಸೆಹಣ್ಣು ಹಚ್ಚದೆ ಬರೀ ನೀರಿನಲ್ಲಿ ಏಳುನೂರಾ ಎಪ್ಪತ್ತನ್ನೂ ತೊಳೆದು, ಬಿಸಿಲಿಗೆ ಒಣಗಿಸಿ, ತಿರುಗಿ ಅದೇ ಡಬ್ಬಿಗೆ ಹಾಕಿದೆ.

ಅವತ್ತಿನಿಂದ ಇನ್ನೊಂದು ಡಬ್ಬಿ ಶುರುವಾಗಿದೆ. ಪ್ಯಾಕೆಟ್ಟಿಗೆ ಒಂದರಂತೆ ಹೆಬ್ಬೆರಳಿನ ರೂಪಾಯಿ ಅದರಲ್ಲಿ ಹಾಕುತ್ತೇನೆ. ಸಂಗ್ರಹಕಾರರ ಲೆಕ್ಕದಲ್ಲಿ ಅದು ಕಸ, ಪ್ರತಿ ಪ್ಯಾಕೆಟ್ಟಿನಲ್ಲೂ ಸಿಗುವಂಥದ್ದು. ಈಗ 172 ಆಗಿವೆ, ಇನ್ನು ಎಂಟು ಬೇಕು. ಅವು ಯಾತಕ್ಕೆಂದು ಪುಣೆಯಲ್ಲಿರುವ ಮಗಳಿಗೆ ಮಾತ್ರ ಹೇಳಿದ್ದೇನೆ. "ನಿನಗ ಬ್ಯಾರೆ ಕೆಲಸ ಇಲ್ಲೇನ್ ಮಮ್ಮಿ" ಎಂದು ಫೋನ್ ಇಟ್ಟಳು. ಹತ್ತು ನಿಮಿಷಕ್ಕೆ ತಿರುಗಿ ಅವಳೇ ಮಾಡಿ, ಡಬ್ಬಿ ಯಾವ ಕಪಾಟಿನಲ್ಲಿದೆ ಎಂದು ಕೇಳಿಕೊಂಡಳು.