ಧೂಮವಿಲ್ಲದ ಧೂಮಶಕಟ

ನಿವೃತ್ತಿಯಾದ ಮೇಲೆ ನಮಗೆ ರೈಲಿನ ಛಾಯಾಚಿತ್ರ ತೆಗೆಯುವ ಹುಚ್ಚು ಹಿಡಿಯಿತು. ಬಾಲ್ಯದಲ್ಲಿ ಧೂಮಶಕಟವೆಂದು ಕಲಿತೆವು; ಬೆಂಗಳೂರು-ಮೈಸೂರು ದಾರಿಗೆ ವಿದ್ಯುತ್ತು ಬಂದು, ಈಗ ಶಕಟವು ಮಾತ್ರ ಉಳಿದಿದೆ.

ಮಂಡ್ಯದ ಮಿತ್ರರೊಡನೆ ತಿಂಗಳಿಗೊಮ್ಮೆ ಮದ್ದೂರು ನಿಲ್ದಾಣಕ್ಕೆ ಹೋಗುವುದು ನಮ್ಮ ರೂಢಿ. ಒಮ್ಮೆ ಮಳವಳ್ಳಿಯಿಂದ ಹುಡುಗನೊಬ್ಬನು ಮೊಬೈಲು ಹಿಡಿದು ಬಂದನು. ಆ ಊರಿಗೆ ರೈಲೇ ಇಲ್ಲ. ಪಾಪ, ಬಸ್ಸಿನಲ್ಲಿ ಬಂದಿದ್ದನು. ಮಿತ್ರರು ಎಂಜಿನ್ನುಗಳ ಜಾತಿಯನ್ನು ಕುರಿತು ವಾದಿಸುತ್ತಿದ್ದರು.

"ಡಬ್ಲ್ಯು ಎ ಪಿ 7 ಎಂದರೇನು, ಮೇಷ್ಟ್ರೇ?"

"ಅದೂ ತಿಳಿಯದೆ ಬಂದೆಯಾ?" ಎಂದುಬಿಟ್ಟೆವು. ಜೀವಮಾನವೆಲ್ಲ ಪಾಠ ಹೇಳಿದ ಬಾಯಿ! ಮುಂದಿನ ತಿಂಗಳು ಅವನು ಬರಲಿಲ್ಲ.

ಎರಡು ತಿಂಗಳು ಕಾದು, ನಾವೇ ಮಳವಳ್ಳಿಗೆ ಹೋಗಿ ಕರೆದೆವು. ಡಬ್ಲ್ಯು ಎಂದರೆ ಅಗಲ ಹಳಿ, ಎ ಎಂದರೆ ಎ.ಸಿ. ವಿದ್ಯುತ್ತು, ಪಿ ಎಂದರೆ ಪ್ರಯಾಣಿಕರ ಗಾಡಿ, 7 ಮಾದರಿಯ ಸಂಖ್ಯೆ. ಪಾಣಿನಿಯ ಪ್ರತ್ಯಾಹಾರಗಳಿಗಿಂತ ಸುಲಭ. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಈಗ ಹೊಸಬರಿಗೆ ಮೊದಲು ಪ್ಲಾಟ್‌ಫಾರಂ ಟಿಕೆಟ್ಟು, ಬಳಿಕ ಬಿಸಿ ವಡೆ. ಹಳದಿ ಗೆರೆಯಿಂದ ಹಿಂದೆ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿರೆಂಬುದೊಂದೇ ಪಾಠ. ಎಂಜಿನ್ನಿನ ವ್ಯಾಕರಣವು ಕೇಳಿದವರಿಗೆ ಮಾತ್ರ.

ಕಳೆದ ತಿಂಗಳು ಹುಡುಗನು ತಂಗಿಯನ್ನೂ ಕರೆತಂದನು. ಅವಳು ಬಂದ ರೈಲನ್ನು ಬಿಟ್ಟು ವಡೆಯ ಬುಟ್ಟಿಯ ಚಿತ್ರವನ್ನು ತೆಗೆದಳು. ನಾವು ಸುಮ್ಮನಿದ್ದೆವು, ಚಿತ್ರವು ಚೆನ್ನಾಗಿಯೇ ಬಂದಿತ್ತು.