ಆಗುಂಬೆಗೆ ಹೊರಡುವ ಬೈಕು ಹೇಗಿರಬೇಕು?

ಮೈಸೂರಿಗೂ ಮೋಟಾರ್ ಬೈಕಿಗೂ ಹಳೆಯ ನಂಟು. 1961ರಲ್ಲಿ ಇಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಇಲ್ಲಿಂದಲೇ ದೇಶದ ಮೂಲೆ ಮೂಲೆಗೂ ಹೋದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಕ್ಕಳೇ, ಆ ಬೈಕಿನಲ್ಲೊಂದು ಸ್ವಾರಸ್ಯವಿತ್ತು. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್! ಅದರ ಜೋಡಿ ಸೈಲೆನ್ಸರ್ ಸದ್ದು ಕೇಳಿದರೆ ಸಾಕು, ಬೀದಿಗೆ ಯಾರು ಬಂದರೆಂದು ಗೊತ್ತಾಗುತ್ತಿತ್ತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನನ್ನ ಬಳಿಯೂ ಒಂದು ಯೆಜ್ಡಿ ಇತ್ತು.

ಈಗ ನನಗೆ 74. ನಮ್ಮ ವಯಸ್ಸಿನವರು ಐದೈದು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರ ಕೊಟ್ಟು ಡ್ರೈವಿಂಗ್ ಲೈಸೆನ್ಸ್ ನವೀಕರಿಸಿಕೊಳ್ಳಬೇಕು. ಕಳೆದ ವರ್ಷ ನನ್ನದು ಆಯಿತು. ಮುಂದಿನ ಸಲ ವೈದ್ಯರು ಸಹಿ ಹಾಕುತ್ತಾರೋ ಇಲ್ಲವೋ ಯಾರಿಗೆ ಗೊತ್ತು? ಸರ್ವಿಸಿನಲ್ಲಿದ್ದಷ್ಟು ದಿನ ವರ್ಗಾವಣೆ, ಮಕ್ಕಳ ಓದು, ಮನೆ ಸಾಲ. ನಾನೂ ನನ್ನ ಹೆಂಡತಿಯೂ ಬೈಕಿನಲ್ಲಿ ಜೊತೆಯಾಗಿ ದೂರ ಹೋದದ್ದೇ ಇಲ್ಲ. ಇರುವ ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಹಾಸನ, ಬೇಲೂರು, ಶೃಂಗೇರಿ ಮೇಲೆ ಆಗುಂಬೆಗೆ ಹೋಗಿಬರೋಣ ಎಂದೆ.

"ಹೋಗೋಣ ರೀ. ಆದರೆ ಹಿಂದಿನ ಸೀಟು ನನಗೆ ಸರಿಹೋಗಬೇಕು. ಇಲ್ಲದಿದ್ದರೆ ನೀವು ಬೈಕಲ್ಲಿ ಹೋಗಿ, ನಾನು ಕೆಂಪು ಬಸ್ಸಲ್ಲಿ ಬರ್ತೀನಿ" ಎಂದಳು.

ಮಾತು ನ್ಯಾಯವಾಗಿತ್ತು. ಹಾಗಾಗಿ ಬೈಕು ಹುಡುಕುವಾಗ ನಾನು ಕಂಪನಿಯ ಜಾಹೀರಾತನ್ನು ಪಕ್ಕಕ್ಕಿಟ್ಟು, ನಾವು ಹೋಗುವ ದಾರಿ ಏನು ಕೇಳುತ್ತದೆ ಎಂದು ಲೆಕ್ಕ ಹಾಕಿದೆ.

ಮೈಸೂರಿನಿಂದ ಕೆ.ಆರ್. ನಗರ, ಹೊಳೆನರಸೀಪುರದ ಮೇಲೆ ಹಾಸನಕ್ಕೆ ಸುಮಾರು 120 ಕಿ.ಮೀ. ಒಂದು ಕಡೆ ಕಾವೇರಿ ಸಿಗುತ್ತಾಳೆ, ಇನ್ನೊಂದು ಕಡೆ ಹೇಮಾವತಿ. ಇಕ್ಕೆಲದಲ್ಲೂ ಭತ್ತದ ಗದ್ದೆ, ತೆಂಗಿನ ತೋಟ. ಇಲ್ಲಿ ಕಷ್ಟ ಕೊಡುವುದು ತಿರುವಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದು ಮತ್ತು ಊರೂರಿಗೂ ಇರುವ ಹಂಪು. ಅಂಗಡಿಯಲ್ಲಿ ಹತ್ತಿಯಂತೆ ಮೆತ್ತಗಿರುವ ಸೀಟು ಒಂದು ಗಂಟೆಯಲ್ಲಿ ಕುಗ್ಗಿ, ಕೆಳಗಿನ ಗಟ್ಟಿ ಭಾಗ ಒತ್ತತೊಡಗುತ್ತದೆ. ಅಗಲವಾಗಿ, ಸ್ವಲ್ಪ ಬಿಗಿಯಾಗಿ, ಸಮತಟ್ಟಾಗಿರುವ ಸೀಟು ಒಳ್ಳೆಯದು. ಬೆನ್ನು ನೆಟ್ಟಗಿರಬೇಕು, ಮೊಣಕೈ ಕೊಂಚ ಮಡಚಿರಬೇಕು, ಮಣಿಕಟ್ಟು ಬಾಗಬಾರದು. ಕಾಲಿಡುವ ಫುಟ್‌ರೆಸ್ಟ್ ಹೆಚ್ಚುಕಡಿಮೆ ಮಂಡಿಯ ಕೆಳಗೇ ಇದ್ದರೆ ಹಂಪು ಬಂದಾಗ ಪಾದದ ಮೇಲೆ ಭಾರ ಹಾಕಿ ಅರೆಕ್ಷಣ ಮೇಲೇಳಬಹುದು. ಕಾಲು ಮುಂದಕ್ಕೆ ಚಾಚಿ ಕೂರುವ ಬೈಕು ನೋಡಲು ಆರಾಮಕುರ್ಚಿಯಂತಿರುತ್ತದೆ, ನಯವಾದ ಹೆದ್ದಾರಿಯಲ್ಲಿ ಸುಖವೂ ಹೌದು. ಹಂಪಿನ ದಾರಿಯಲ್ಲಿ ಮಾತ್ರ ಪೆಟ್ಟೆಲ್ಲ ನೇರ ಸೊಂಟಕ್ಕೇ.

ಹಾಸನದಿಂದ ಬೇಲೂರಿಗೆ ಸುಮಾರು 40 ಕಿ.ಮೀ. ಯಗಚಿ ನದಿಯ ದಂಡೆಯ ಊರು. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ಇಲ್ಲಿದ್ದಾನೆ. ದೇವಾಲಯದ ಅಂಗಳದಲ್ಲಿ ಎತ್ತರದ ಕಲ್ಲಿನ ಕಂಬವೊಂದು ತನ್ನ ತೂಕದ ಬಲದಲ್ಲೇ ನಿಂತಿರುವುದನ್ನು ಮಕ್ಕಳು ತಪ್ಪದೆ ನೋಡಬೇಕು. ಬೈಕು ಹಾಗಲ್ಲ. ಅದರ ತೂಕ ಹೆಚ್ಚಿದಷ್ಟೂ ನಿಲ್ಲಿಸುವವನ ಕಾಲಿಗೆ ಕೆಲಸ ಹೆಚ್ಚು. ಇಕ್ಕಟ್ಟಾದ ಜಾಗದಿಂದ ಹಿಂದಕ್ಕೆ ತಳ್ಳಬೇಕು, ಇಳಿಜಾರಿನಲ್ಲಿ ತಿರುಗಿಸಬೇಕು. ಆದ್ದರಿಂದ ಮೂರು ಬೈಕುಗಳ ತೂಕ ಮತ್ತು ಸೀಟಿನ ಎತ್ತರ ಬರೆದುಕೊಂಡೆ. ಬುಲೆಟ್ 350: 195 ಕೆ.ಜಿ., 805 ಮಿ.ಮೀ. ಅವೆಂಜರ್ 220 ಕ್ರೂಸ್: 163 ಕೆ.ಜಿ., 737 ಮಿ.ಮೀ. ಯೂನಿಕಾರ್ನ್ 160: ಸುಮಾರು 140 ಕೆ.ಜಿ., 798 ಮಿ.ಮೀ. ಬುಲೆಟ್ ಏರಿದ ನಮ್ಮ ಪಕ್ಕದ ಮನೆಯ ಹುಡುಗ ರಾಜನಂತೆ ಕಾಣುತ್ತಾನೆ, ನಿಜ. ಅವನ ತೋಳಿಗೆ 25 ವರ್ಷ, ನನ್ನ ತೋಳಿಗೆ 74.

ಬೇಲೂರಿನಿಂದ ಚಿಕ್ಕಮಗಳೂರು 25 ಕಿ.ಮೀ. ಅಲ್ಲಿಂದ ಆಲ್ದೂರು, ಭದ್ರೆಯ ದಡದ ಬಾಳೆಹೊನ್ನೂರು, ಜಯಪುರ ದಾಟಿ ಶೃಂಗೇರಿಗೆ ಸುಮಾರು 90. ಸಿಲ್ವರ್ ಓಕ್ ಮರಗಳು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ದಾರಿಯುದ್ದಕ್ಕೂ ತಿರುವು. ಇಲ್ಲಿ ಕ್ಲಚ್ಚು ಹಗುರವಾಗಿರಬೇಕು, ಇಲ್ಲದಿದ್ದರೆ ಎಡಗೈ ಬೆರಳು ಸೋಲುತ್ತವೆ. ಎಂಜಿನ್ ಹೂಂಕರಿಸದೆ, ಕೆಳಗಿನ ಗೇರಿನಲ್ಲಿ ಇಬ್ಬರನ್ನು ಎಳೆಯಬೇಕು. ತಿರುವಿನಲ್ಲಿ ಎಷ್ಟು ವೇಗ ಹೋಗುತ್ತದೆಂಬ ಪ್ರಶ್ನೆಯೇ ನಮಗೆ ಬೇಡ.

ಶೋರೂಮಿನಲ್ಲಿ ಮೊದಲು ಕೂರಿಸಿದ್ದು ನನ್ನವಳನ್ನೇ. ಮಾರುವ ಹುಡುಗ ಬೆರಗಾಗಿ ನೋಡಿದ. ಅವಳು ಪಾದ ಪೂರ್ತಿ ಫುಟ್‌ರೆಸ್ಟಿನ ಮೇಲಿದೆಯೇ, ಮಂಡಿ ಎದೆಗೆ ಬರುತ್ತದೆಯೇ, ಹಿಡಿಯಲು ಹಿಡಿಕೆ ಎಲ್ಲಿದೆ, ಸೆರಗು ಚಕ್ರಕ್ಕೆ ಸಿಗದಂತೆ ಜಾಲರಿ ಇದೆಯೇ ಎಂದು ಒಂದೊಂದಾಗಿ ನೋಡಿದಳು. ಒಂದು ಬೈಕಿನಲ್ಲಿ ಹಿಂದಿನ ಸೀಟು ಮಣೆಯಷ್ಟೇ ಅಗಲ. ಇಳಿದು ಬಂದು, "ಇದು ಒಬ್ಬರೇ ಇರುವವರಿಗೆ" ಎಂದಳು. ಕೊನೆಗೆ ಯೂನಿಕಾರ್ನಿನ ಉದ್ದನೆಯ ಒಂದೇ ಸೀಟಿನಲ್ಲಿ ಕುಳಿತು ಹತ್ತು ನಿಮಿಷ ಇಳಿಯಲಿಲ್ಲ. ನನ್ನ ಎರಡೂ ಪಾದದ ಮುಂಭಾಗ ನೆಲ ಮುಟ್ಟುತ್ತಿತ್ತು. ಅದನ್ನೇ ಕೊಂಡೆವು.

ಎಲ್ಲರಿಗೂ ಅದೇ ಸರಿ ಎನ್ನಲಾರೆ. ಆರಡಿ ಎತ್ತರದವರಿಗೆ ಬೇರೆ ಬೇಕಾದೀತು. ಒಂದು ಮಾತು ಮಾತ್ರ ಎಲ್ಲರಿಗೂ ಸಲ್ಲುತ್ತದೆ: ಈಗ ನಮಗಿರುವ ಮೈಗೆ ಬೈಕು ಹೊಂದಬೇಕು, ಇಪ್ಪತ್ತೈದರಲ್ಲಿ ಇದ್ದ ಮೈಗಲ್ಲ. ಕೊಳ್ಳುವ ಮೊದಲು ಹಿಂದೆ ಕೂರುವವರನ್ನೂ ಕೂರಿಸಿ ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು.

ಮಳೆ ನಿಂತ ಮೇಲೆ, ಡಿಸೆಂಬರಿನಲ್ಲಿ ಹೊರಟೆವು. ಇಬ್ಬರ ಭಾರಕ್ಕೆ ತಕ್ಕಂತೆ ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಿಸಿ, ಚಕ್ರಕ್ಕೆ ಗಾಳಿ ಹಿಡಿಸಿ, ಇಬ್ಬರೂ ಐಎಸ್ಐ ಗುರುತಿನ ಹೆಲ್ಮೆಟ್ ಹಾಕಿಕೊಂಡೆವು. ಪುಟಾಣಿಗಳೇ, ನಾಲ್ಕು ವರ್ಷ ದಾಟಿದ ನಿಮಗೂ ಹೆಲ್ಮೆಟ್ ಕಡ್ಡಾಯ, ಅಪ್ಪನಿಗೆ ನೆನಪಿಸಿ. ಗಂಟೆಗೊಮ್ಮೆ ನಿಲ್ಲುವುದು, ನೀರು ಕುಡಿಯುವುದು, ನಾಲ್ಕು ಹೆಜ್ಜೆ ನಡೆಯುವುದು, ಇದು ನಮ್ಮ ನಿಯಮ. ಮೊದಲ ರಾತ್ರಿ ಬೇಲೂರು, ಎರಡನೆಯ ರಾತ್ರಿ ಶೃಂಗೇರಿ. ಅಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕಿದೆವು.

ಮೂರನೆಯ ದಿನ ಮಧ್ಯಾಹ್ನ ಹೊರಟರೆ ಆಗುಂಬೆಗೆ ಇನ್ನು 30 ಕಿ.ಮೀ. ಕೂಡ ಇಲ್ಲ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಊರು ಅದು. ಊರು ದಾಟಿದರೆ ಸೋಮೇಶ್ವರಕ್ಕೆ ಇಳಿಯುವ ಘಾಟಿ, ಹದಿನಾಲ್ಕು ಕಡಿದಾದ ತಿರುವು. ಅಲ್ಲಿ ಬ್ರೇಕನ್ನೇ ನಂಬದೆ ಎರಡನೆಯ ಗೇರಿನಲ್ಲಿ ನಿಧಾನ ಇಳಿಯಬೇಕು. ನಾವು ಇಳಿಯಲಿಲ್ಲ, ಘಾಟಿಯ ನೆತ್ತಿಯಲ್ಲೇ ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ಬೈಕು ನಿಲ್ಲಿಸಿದೆವು. ಆಕಾಶ ತಿಳಿಯಾಗಿತ್ತು. ಬೆಟ್ಟಸಾಲಿನಾಚೆ ಅರಬ್ಬೀ ಸಮುದ್ರ ಬೆಳ್ಳಿಯ ಗೆರೆಯಂತೆ ಹೊಳೆಯಿತು, ಸೂರ್ಯ ಅದರೊಳಗೆ ಜಾರಿದ.

"ಸೊಂಟ ಹೇಗಿದೆ?" ಎಂದೆ.

"ಇದೆ" ಎಂದಳು. "ಮುಂದಿನ ವರ್ಷ ಕೆಳಗಿಳಿದು ಉಡುಪಿಗೆ ಹೋಗೋಣ ರೀ."