ಉಮ್ಮನ ಕೈಗೆ ರಿಮೋಟ್

ಬೆರಳುದ್ದದ ಒಂದು ಸ್ಟಿಕ್ ತಂದು ಟೀವಿಯ ಹಿಂದೆ ಸಿಕ್ಕಿಸಿದರೆ ಆಯಿತು, ಜಗತ್ತೇ ಮನೆಯೊಳಗೆ ಬರುತ್ತದೆ ಎನ್ನುತ್ತಾರೆ. ಹೌದು, ಬರುತ್ತದೆ. ಆದರೆ ಸಿಕ್ಕಿಸುವವರು ಒಬ್ಬರು, ನೋಡುವವರು ಇನ್ನೊಬ್ಬರು. ಸಿಕ್ಕಿಸಿದ ಮಗ ರಜೆ ಮುಗಿಸಿ ಗಲ್ಫಿಗೆ ಹೊರಟುಹೋಗುತ್ತಾನೆ. ರಿಮೋಟ್ ಹಿಡಿದು ಕೂರುವವರು ಎಪ್ಪತ್ತು ದಾಟಿದ ತಾಯಿ. ಅಂಗಡಿಯವನು ಈ ತಾಯಿಯನ್ನು ನೋಡಿರುವುದೇ ಇಲ್ಲ.

ನನ್ನ ಉಮ್ಮ ಇರುವುದು ತಮ್ಮನ ಮನೆಯಲ್ಲಿ. ಕೇಬಲ್ ಇದ್ದಾಗ ಚಂದನ ವಾಹಿನಿಯ ನಂಬರು ಅವರಿಗೆ ಬಾಯಿಪಾಠವಾಗಿತ್ತು. ತಮ್ಮ ದುಬೈಯಿಂದ ಸ್ಟಿಕ್ ತಂದ ಮೇಲೆ ಎಲ್ಲರಿಗೂ ಸಂಭ್ರಮ. ಎರಡು ವಾರ ಕಳೆಯುವಷ್ಟರಲ್ಲಿ ಉಮ್ಮ, "ನನಗೆ ಟೀವಿ ಬೇಡ, ಕಣ್ಣು ಉರಿಯುತ್ತದೆ" ಎನ್ನತೊಡಗಿದರು. ನಾನು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದಾಗ ನಿಜ ಸಂಗತಿ ಹೊರಬಿತ್ತು. "ಪ್ರತಿ ಸಲ ಮಗುವನ್ನು ಕರೆಯುವುದು ಹೇಗೆ ಮಗಳೇ? ಅವನಿಗೂ ಓದಲಿಕ್ಕಿಲ್ಲವೇ?"

ಉರಿಯುತ್ತಿದ್ದದ್ದು ಕಣ್ಣಲ್ಲ. ತನ್ನ ಮನೆಯಲ್ಲಿ, ತನ್ನ ಕೋಣೆಯಲ್ಲಿ, ಒಂದು ಗುಂಡಿ ಒತ್ತಲು ಮೊಮ್ಮಗನ ಅನುಮತಿ ಕೇಳಬೇಕಾಗಿ ಬಂದ ಸಂಕಟ ಅದು. ಅದರಲ್ಲೂ ರಮಝಾನಿನಲ್ಲಿ ಅವರಿಗೆ ಮಕ್ಕಾದ ತರಾವೀಹ್ ನೋಡುವ ಆಸೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ನಮಾಝ್ ಆರಂಭವಾಗುವಾಗ ಇಲ್ಲಿ ರಾತ್ರಿ 11 ದಾಟಿರುತ್ತದೆ. ಆ ಹೊತ್ತಿಗೆ ಸಹ್ರಿಗೆ ಏಳಬೇಕಾದ ಸೊಸೆಯನ್ನು ಯಾವ ಅತ್ತೆ ಎಬ್ಬಿಸುತ್ತಾಳೆ?

ಆದ್ದರಿಂದ ಸಾಧನ ಆರಿಸುವಾಗ ನಾನು ಒಂದೇ ಪ್ರಶ್ನೆ ಇಟ್ಟುಕೊಂಡೆ. ಮನೆಯಲ್ಲಿ ಯಾರೂ ಎಚ್ಚರವಿಲ್ಲದಾಗ ಉಮ್ಮನಿಗೆ ಇದನ್ನು ಹಚ್ಚಲು, ದಾರಿ ತಪ್ಪಿದರೆ ಮರಳಿ ಬರಲು, ಕೊನೆಗೆ ಆರಿಸಿ ಮಲಗಲು ಸಾಧ್ಯವೇ? ಚಿತ್ರ ಎಷ್ಟು ಸ್ಪಷ್ಟ, ಎಷ್ಟು ಸಾವಿರ ಸಿನಿಮಾ ಇವೆ ಎಂಬುದೆಲ್ಲ ಆಮೇಲಿನ ಮಾತು.

ಮೊದಲು ರಿಮೋಟಿನ ವಿಷಯ. ಟೀವಿಗೊಂದು, ಸ್ಟಿಕ್‌ಗೊಂದು ಎಂದು ಎರಡು ರಿಮೋಟ್ ಬಂದಲ್ಲಿಗೆ ಅರ್ಧ ಕೆಲಸ ಕೆಟ್ಟಂತೆ. ಕೆಲವು ಅಗ್ಗದ ಸ್ಟಿಕ್‌ಗಳ ರಿಮೋಟಿನಲ್ಲಿ ಶಬ್ದ ಏರಿಸುವ ಗುಂಡಿಯೇ ಇರುವುದಿಲ್ಲ, ಟೀವಿ ಆರಿಸುವ ಗುಂಡಿಯೂ ಇಲ್ಲ. 2020ರಲ್ಲಿ ಬಂದ ಫೈರ್ ಟೀವಿ ಸ್ಟಿಕ್ ಲೈಟ್ ಅಂಥದ್ದು. ಕೆಲವು ನೂರು ರೂಪಾಯಿ ಹೆಚ್ಚಾದರೂ ಈ ಎರಡು ಗುಂಡಿ ಇರುವುದನ್ನೇ ಕೊಳ್ಳಿರಿ. ಇನ್ನು ಟೀವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಸಿಇಸಿ ಎಂಬುದೊಂದಿದೆ. ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಎನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್ ಎನ್ನುತ್ತಾರೆ. ಅದನ್ನು ಆನ್ ಮಾಡಿಟ್ಟರೆ ಸ್ಟಿಕ್‌ನ ಮನೆ ಚಿತ್ರದ ಗುಂಡಿ ಒತ್ತಿದಾಗ ಟೀವಿಯೂ ಎದ್ದು ಸರಿಯಾದ ಕಡೆಗೆ ತಿರುಗುತ್ತದೆ. "ಸಿಗ್ನಲ್ ಇಲ್ಲ" ಎಂಬ ನೀಲಿ ಪರದೆಯ ಮುಂದೆ ವೃದ್ಧರು ಕೈಚೆಲ್ಲಿ ಕೂರುವುದು ಇದರಿಂದ ಬಹಳಷ್ಟು ತಪ್ಪುತ್ತದೆ. ತಮ್ಮನ ಟೀವಿಯಲ್ಲಿ ಇದನ್ನು ಸರಿಪಡಿಸಿದ ದಿನವೇ ನಾವು ಟೀವಿಯ ರಿಮೋಟನ್ನು ಕಪಾಟಿನೊಳಗೆ ಇಟ್ಟೆವು.

ರಿಮೋಟ್ ಇಲ್ಲದೆ ಮೊಬೈಲಿನಿಂದಲೇ ಟೀವಿಗೆ ಕಳುಹಿಸಬಹುದಲ್ಲ ಎಂದು ಹುಡುಗರು ಹೇಳುತ್ತಾರೆ. ಮೊಬೈಲ್ ಯಾರದು? ಅವರದು. ಅವರು ಕಾಲೇಜಿಗೆ ಹೊರಟರೆ ಟೀವಿಯೂ ಅವರ ಜೇಬಿನಲ್ಲಿ ಹೊರಟುಹೋಗುತ್ತದೆ.

ಮಾತಿನಲ್ಲೇ ಹೇಳಿದರೆ ಸಾಕು, ಹುಡುಕಿಕೊಡುತ್ತದೆ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಅಲೆಕ್ಸಾ ಇಂಗ್ಲಿಷಿನ ಜೊತೆ 2019ರಲ್ಲಿ ಹಿಂದಿ ಕಲಿತಳು. ನಮ್ಮ ಉಮ್ಮ ಮಾತಾಡುವುದು ಬ್ಯಾರಿ. ಮೇಲಾಗಿ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಮಾತಾಡಬೇಕು. ವಯಸ್ಸಾದವರು ಒತ್ತಿ, ಬಿಟ್ಟು, ಗಂಟಲು ಸರಿಪಡಿಸಿಕೊಂಡು ಮಾತು ಶುರುಮಾಡುತ್ತಾರೆ.

ಇದಕ್ಕಿಂತ ಉಪಕಾರವಾದದ್ದು ಬೇರೆ. ಯೂಟ್ಯೂಬಿನಲ್ಲಿ ಉಮ್ಮನಿಗೆಂದೇ ಪ್ರತ್ಯೇಕ ಖಾತೆ ತೆರೆದೆವು. ಮೊಮ್ಮಗನ ಖಾತೆಯಲ್ಲಾದರೆ ತೆರೆದೊಡನೆ ಕ್ರಿಕೆಟ್, ಬೈಕು, ಕಿರುಚಾಟ. ಈಗ ಅವರ ಪರದೆಯಲ್ಲಿ ಹರಮ್‌ನ ನೇರಪ್ರಸಾರದ ವಾಹಿನಿ, ಅವರಿಗಿಷ್ಟವಾದ ಅಡುಗೆಯ ಕಾರ್ಯಕ್ರಮ, ಮಂಗಳೂರಿನ ಸುದ್ದಿ. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಓಡುವ ಆಟೋಪ್ಲೇಯನ್ನು ನಿಲ್ಲಿಸಿದೆವು. ಇಲ್ಲವಾದರೆ ಕುರ್‌ಆನ್ ಪಾರಾಯಣ ಕೇಳುತ್ತಾ ಕಣ್ಣುಮುಚ್ಚಿದವರು ಇನ್ನಾವುದೋ ಗದ್ದಲಕ್ಕೆ ಬೆಚ್ಚಿ ಏಳಬೇಕಾಗುತ್ತದೆ. ಫೈರ್ ಟೀವಿಯಲ್ಲಿ ಬೇಕಾದ ಆ್ಯಪ್‌ಗಳನ್ನು ಸಾಲಿನ ಮುಂದಕ್ಕೆ ತಂದಿಡಬಹುದು, ಖರೀದಿಗೆ ಪಿನ್ ಹಾಕಬಹುದು. ಗೂಗಲ್ ಟೀವಿಯಾದರೆ ಜಾಹೀರಾತಿನ ಸಾಲುಗಳನ್ನು ಕಡಿಮೆ ಮಾಡಿ ಆ್ಯಪ್‌ಗಳನ್ನಷ್ಟೇ ತೋರಿಸುವ ವ್ಯವಸ್ಥೆ ಇದೆ. ರಿಮೋಟಿನ ಕೆಳಗಡೆ ನೆಟ್‌ಫ್ಲಿಕ್ಸ್, ಪ್ರೈಮ್ ಎಂದು ಗುಂಡಿಗಳಿರುತ್ತವಲ್ಲ, ತಪ್ಪಿ ಒತ್ತಿದರೆ ಹಣ ಕಟ್ಟಿ ಎನ್ನುವ ಪುಟ ಬಂದು ನಿಲ್ಲುತ್ತದೆ. ಅವುಗಳ ಮೇಲೆ ಅತ್ತಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದರು. ನೋಡಲು ಚಂದವಿಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದೆ.

ಕಲಿಸುವುದರಲ್ಲೂ ಆತುರ ಸಲ್ಲದು. ಮದ್ರಸದಲ್ಲಿ ಮೊದಲ ದಿನವೇ ಯಾರೂ ಮಗುವಿಗೆ ಸೂರಾ ಓದಿಸುವುದಿಲ್ಲ. ಅಲಿಫ್ ಮೇಲೆ ಬೆರಳಿಟ್ಟು ಮಗುವೇ ಹೇಳಬೇಕು. ಉಮ್ಮನಿಗೂ ಹಾಗೆಯೇ, ಮೊದಲ ಎರಡು ದಿನ ಮನೆ ಚಿತ್ರದ ಗುಂಡಿ ಮಾತ್ರ. "ಏನಾದರೂ ಗೊಂದಲವಾದರೆ ಇದನ್ನು ಒತ್ತಿ ಉಮ್ಮಾ, ಮನೆಗೆ ಬರುತ್ತೀರಿ" ಎಂದೆ. ರಿಮೋಟ್ ಅವರ ಕೈಯಲ್ಲೇ ಇತ್ತು, ನಾನು ಮುಟ್ಟಲಿಲ್ಲ. ನಾವು ಕಸಿದುಕೊಂಡು ಟಕಟಕನೆ ಒತ್ತಿ ತೋರಿಸಿದರೆ ಅವರು ಕಲಿಯುವುದು ಒಂದನ್ನೇ, ಇದು ತನ್ನಿಂದ ಆಗದು ಎಂಬುದನ್ನು.

ಮಳೆಗಾಲದಲ್ಲಿ ನಮ್ಮೂರಿನ ಕರೆಂಟ್ ನಿಮಗೆ ಗೊತ್ತೇ ಇದೆ. ಹೋಗಿ ಬಂದಾಗ ವೈಫೈ ಮರಳಿ ಏಳಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಟೀವಿ ಹಚ್ಚಿದರೆ ಪರದೆಯಲ್ಲಿ ಇಂಗ್ಲಿಷಿನಲ್ಲಿ ಏನೋ ತಪ್ಪು ಬರುತ್ತದೆ, ತಾನೇ ಕೆಡಿಸಿದೆನೆಂದು ಉಮ್ಮ ಹೆದರುತ್ತಾರೆ. ವೈಫೈ ಪೆಟ್ಟಿಗೆಗೆ ಸಿಗುವ ಸಣ್ಣ ಯುಪಿಎಸ್ ಒಂದನ್ನು ಹಾಕಿದ ಮೇಲೆ ಆ ಹೆದರಿಕೆ ಕಡಿಮೆಯಾಗಿದೆ. ಸ್ಟಿಕ್‌ಗೆ ಟೀವಿಯ ಯುಎಸ್‌ಬಿ ತೂತಿನಿಂದ ಕರೆಂಟ್ ಕೊಡುವ ಬದಲು ಅದರ ಅಡಾಪ್ಟರನ್ನೇ ಬಳಸುವುದು ಒಳ್ಳೆಯದು. ಗಲ್ಫಿನಿಂದ ತಂದದ್ದಾದರೆ ಅದರ ಚೌಕ ಪಿನ್ನು ನಮ್ಮ ಗೋಡೆಗೆ ಹೊಂದುವುದಿಲ್ಲ, ಅದಕ್ಕೂ ಒಂದು ಪ್ಲಗ್ ತರಬೇಕು.

ಹಾಗೆಂದು ಎಲ್ಲರಿಗೂ ಸ್ಟಿಕ್ ಬೇಕೆಂದು ನಾನು ಹೇಳಲಾರೆ. ಅದರ ರಿಮೋಟಿನಲ್ಲಿ ಸಾಮಾನ್ಯವಾಗಿ ಅಂಕಿಗಳಿರುವುದಿಲ್ಲ. ನಲವತ್ತು ವರ್ಷ ನಂಬರಿನಿಂದಲೇ ಬಸ್ಸು, ಫೋನು, ವಾಹಿನಿ ಗುರುತಿಸಿದವರಿಗೆ ಚಿತ್ರಗಳ ಸಾಲಿನಲ್ಲಿ ಬಲಕ್ಕೆ ಎಡಕ್ಕೆ ಸರಿಯುವುದು ಪರದೇಶದ ಪ್ರಯಾಣವಿದ್ದಂತೆ. ಪಕ್ಕದ ಮನೆಯ ಅಜ್ಜನಿಗೆ ಕೈ ನಡುಗುತ್ತದೆ, ಬೇಕಾಗಿರುವುದು ವಾರ್ತೆ ಮಾತ್ರ. ಅವರ ಮಗಳು ಬಂದು ವಿಚಾರಿಸಿದಾಗ ನಾನು ದೂರದರ್ಶನದ ಫ್ರೀ ಡಿಶ್ ಸಾಕೆಂದೆ. ಅದಕ್ಕೆ ತಿಂಗಳ ಬಾಡಿಗೆ ಇಲ್ಲ, ವೈಫೈ ಬೇಡ, ರಿಮೋಟಿನಲ್ಲಿ ಅಂಕಿಗಳಿವೆ. ಅಜ್ಜ ಮೂರು ಅಂಕಿಗಳನ್ನು ದಪ್ಪಕ್ಷರದಲ್ಲಿ ಕ್ಯಾಲೆಂಡರಿನ ಮೇಲೆ ಬರೆಸಿಕೊಂಡಿದ್ದಾರೆ.